ವಾಡೆ ಸಂದಿಯ ಆಮೆ

ಏಳನೇ ತರಗತಿಗೆ ಅಳಿವಿನಂಚಿನ ಪ್ರಾಣಿಗಳ ಪಾಠ ಮಾಡುವ ದಿನ ಬೆಳಿಗ್ಗೆ ನನಗೆ ತಿಂಡಿ ಸೇರುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಹುಲಿ ಸಿಂಹಗಳದ್ದಾದರೆ ನಿದ್ದೆಗಣ್ಣಿನಲ್ಲೂ ಹೇಳಿ ಮುಗಿಸಬಲ್ಲೆ. ನಮ್ಮ ಸೀಮೆಯ ಪ್ರಾಣಿಗಳ ಪುಟಕ್ಕೆ ಬಂದಾಗಲೇ ತೊಂದರೆ. ತೋಳ ದಾಟುತ್ತೇನೆ, ಕೃಷ್ಣಮೃಗ ದಾಟುತ್ತೇನೆ, ನಕ್ಷತ್ರ ಆಮೆಯ ಚಿತ್ರದ ಹತ್ತಿರ ಬಂದ ಕೂಡಲೇ ಎರಡೂ ಕಿವಿ ಬಿಸಿಯಾಗುತ್ತವೆ. ಒಂದು ಆಮೆಗೆ ಇಷ್ಟೊಂದು ನಾಚಿಕೆ ಯಾಕಮ್ಮ ಎಂದು ನನ್ನ ಮಗಳು ಗೇಲಿ ಮಾಡುತ್ತಾಳೆ. ಅವಳಿಗೇನು ಗೊತ್ತು. ಈ ಪಾಠ ಒಂದು ಸಲ ಶಾಲೆ ಬಿಟ್ಟು ನಮ್ಮ ಮನೆಯೊಳಕ್ಕೆ ಬಂದಿತ್ತು. ಅಜ್ಜಿ ಸಾಕಿದ್ದ ಆಮೆಯನ್ನು ಕರೆದುಕೊಂಡು ಹೋಯಿತು, ನಮ್ಮ ಮನೆಯಲ್ಲಿ ಉಣ್ಣುತ್ತಿದ್ದ ಮೇಷ್ಟ್ರ ಗಂಟಲಲ್ಲಿ ತುತ್ತು ಇಳಿಯದ ಹಾಗೆ ಮಾಡಿತು. ಆ ತುತ್ತು ಮತ್ತೆ ಇಳಿಯುವ ತನಕ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ.

ಆಂಧ್ರದ ಗಡಿಯೊಳಗಿನ ಅಗಳಿಯಲ್ಲಿ ಬಸ್ಸಿಳಿದು ಆಟೋ ಹತ್ತಿದರೆ, ಆಟೋದವನು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಊರ ಸುದ್ದಿಯೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬರುವ ಊರು ನಮ್ಮದು. ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಮುಂದೆ ಜಗಲಿ. ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ರೇಷ್ಮೆ ಸೊಪ್ಪಿನ ವಾಸನೆ. ಮನೆಯಲ್ಲಿ ದೊಡ್ಡದಾದ, ಗಾಳಿ ಬೆಳಕು ಚೆನ್ನಾಗಿ ಬರುವ ಕೋಣೆ ಹುಳುಗಳಿಗೆ. ಮಿಕ್ಕ ಜಾಗದಲ್ಲಿ ಮನುಷ್ಯರು ಹೊಂದಿಕೊಂಡಿದ್ದೆವು. ಹುಳು ಜ್ವರಕ್ಕೆ ಕೂತವು ಅನ್ನುತ್ತಾರೆ ನಮ್ಮ ಕಡೆ, ಅಂದರೆ ಮೇವು ಬಿಟ್ಟು, ಅಲುಗಾಡದೆ, ಪೊರೆ ಕಳಚಲು ಕೂಡುವುದು. ಆಗ ಮನೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ, ಖಾರದ ಒಗ್ಗರಣೆ ಹಾಕುವಂತಿರಲಿಲ್ಲ, ಹೊರಗಿನವರು ಆ ಕೋಣೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಹೀಗಾಗಿ ನಮ್ಮ ಮನೆಯ ದೊಡ್ಡ ದೊಡ್ಡ ಜಗಳಗಳೆಲ್ಲ ಪಿಸುಮಾತಿನಲ್ಲಿ ನಡೆದವು. ಇವತ್ತಿಗೂ ಸಿಟ್ಟು ಬಂದರೆ ನನ್ನ ದನಿ ಇಳಿಯುತ್ತದೆ. ನನ್ನ ಶಾಲೆಯ ಮಕ್ಕಳು ಇದನ್ನು ಚೆನ್ನಾಗಿ ಕಂಡುಕೊಂಡಿದ್ದಾರೆ, ಮಿಸ್ ಮೆತ್ತಗೆ ಮಾತಾಡಿದರೆ ಗ್ರಹಚಾರ ಕಾದಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ನಡುಮನೆಯ ಹಿಂಗೋಡೆಗೆ ರಾಗಿ ತುಂಬುವ ಮಣ್ಣಿನ ವಾಡೆಗಳು ಸಾಲಾಗಿ ನಿಂತಿದ್ದವು. ನನಗಿಂತ ಎತ್ತರ. ಅಜ್ಜಿಯೇ ಮಣ್ಣು ಕಲಸಿ ಸುತ್ತು ಸುತ್ತಾಗಿ ಏರಿಸಿ ಮಾಡಿದ್ದು. ಆ ವಾಡೆಗಳಿಗೂ ಗೋಡೆಗೂ ನಡುವಿನ ಕತ್ತಲ ಸಂದಿಯಲ್ಲಿ ಆಮೆ ಇರುತ್ತಿತ್ತು. ನಾನು ಹುಟ್ಟುವ ಮೊದಲೇ ತಾತ ಕಡಲೆಕಾಯಿ ಹೊಲ ಉಳುವಾಗ ನೇಗಿಲ ಮುಂದೆ ಸಿಕ್ಕಿದ್ದನ್ನು ಟವೆಲಿನಲ್ಲಿ ಸುತ್ತಿ ತಂದನಂತೆ. ಕಪ್ಪು ಚಿಪ್ಪಿನ ಪ್ರತಿ ಉಬ್ಬಿನ ನೆತ್ತಿಯಿಂದ ಹಳದಿ ಗೆರೆಗಳು ಹರಡಿಕೊಂಡು, ಯಾರೋ ಕೂತು ರಂಗೋಲಿ ಎಳೆದ ಹಾಗಿತ್ತು. ಚಿಪ್ಪಿನ ಅಂಚಿನಲ್ಲಿ ಒಂದು ತೂತು. ಮೊದಮೊದಲು ಓಡಿಹೋಗದಿರಲಿ ಎಂದು ತಾತ ದಬ್ಬಳ ಕಾಯಿಸಿ ತೂತು ಮಾಡಿ ಹುರಿ ಕಟ್ಟಿದ್ದನಂತೆ. ನಾನು ಕಂಡಾಗ ಹುರಿ ಇರಲಿಲ್ಲ, ಅದಕ್ಕೂ ಓಡಿಹೋಗುವ ಯೋಚನೆ ಇದ್ದಂತೆ ಕಾಣಲಿಲ್ಲ. ಹುಳು ಸಾಕುವ ತಟ್ಟೆಗಳ ಕೆಳಗೆ ಉದುರಿದ ಸೊಪ್ಪು ತಿಂದುಕೊಂಡು, ಮಳೆ ಬರುವ ಮುಂಚೆ ಮಾತ್ರ ಬಾಗಿಲ ತನಕ ಬಂದು ಕತ್ತು ಚಾಚಿ ನಿಲ್ಲುತ್ತಿತ್ತು. ಶುಕ್ರವಾರ ಅಜ್ಜಿ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅರಿಶಿನ ಕುಂಕುಮ ಇಡುತ್ತಿದ್ದಳು. ಅದು ಸಂದಿಯಲ್ಲಿ ಇರುವ ತನಕ ವಾಡೆಯ ತಳ ಕಾಣುವುದಿಲ್ಲ ಎಂದು ಅವಳು ನಂಬಿದ್ದಳು.

ಇನ್ನು ಆ ಪದದ ವಿಷಯ. ತೆಲುಗಿನಲ್ಲಿ ಆಮೆ ಎಂದರೆ ಆಕೆ. ನಮ್ಮ ಆಮೆಗೆ ಅವರು ತಾಬೇಲು ಅನ್ನುತ್ತಾರೆ. ನಮ್ಮ ಕಡೆ ಹೊರಗಿನ ಗಂಡಸು ಮನೆಯ ಹೆಂಗಸನ್ನು ಹೆಸರು ಹಿಡಿದು ಕೂಗುವುದಿಲ್ಲ, ತೆಲುಗಿನವನಾದರೆ ಬಾಗಿಲಲ್ಲಿ ನಿಂತು “ಆಮೆ ಉಂದಾ?” ಎನ್ನುತ್ತಾನೆ, ಆಕೆ ಇದ್ದಾರಾ ಎಂದು. ಬಳೆಗಾರನೋ ರೇಷ್ಮೆ ಗೂಡಿನ ದಲ್ಲಾಳಿಯೋ ಅಮ್ಮನನ್ನು ಹಾಗೆ ಕೇಳಿಕೊಂಡು ಬಂದರೆ ಅಜ್ಜಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

“ಉಂದಿ ನಾಯ್ನಾ, ವಾಡೆ ಎನಕ ಪಂಡುಕೋನುಂದಿ.”

ಇದ್ದಾಳಪ್ಪ, ವಾಡೆ ಹಿಂದೆ ಮಲಗಿದ್ದಾಳೆ. ಬಂದವನು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿದ್ದ, ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ ಹೊರಗೆ ಬರುತ್ತಿದ್ದಳು. ಅಪ್ಪನಿಗೂ ಇದು ಅಂಟಿಕೊಂಡು, ತೋಟದಿಂದ ಬಂದಾಗ ಅಮ್ಮ ಕಾಣದಿದ್ದರೆ ಬೇಕೆಂದೇ ತೆಲುಗಿನಲ್ಲಿ ಕೇಳುತ್ತಿದ್ದ. ನಾನು ಓಡಿಹೋಗಿ ಆಮೆಯನ್ನು ಎತ್ತಿ ತಂದು ಅವನ ಕಾಲ ಬಳಿ ಇಡುತ್ತಿದ್ದೆ. ದಿನಾ ಆಡಿದರೂ ಹಳಸದ ತಮಾಷೆ ಅದು.

ತಿಪ್ಪೇಸ್ವಾಮಿ ಮೇಷ್ಟ್ರು ನಮ್ಮೂರಿನ ಕನ್ನಡ ಶಾಲೆಗೆ ವರ್ಗವಾಗಿ ಬಂದು, ನಮ್ಮ ಮನೆಯ ಮುಂದಿನ ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದರು. ರಾಯದುರ್ಗದ ಆಚೆ ಬೊಮ್ಮನಹಾಳ್ ಕಡೆಯವರು. ಒಂಟಿ ಆಳು, ತಾಯಿ ಊರಲ್ಲಿದ್ದರು. ಅವರ ‘ಯಾಕ’, ‘ಬರ್ರಿ’ ಕೇಳಿ ನಮಗೆಲ್ಲ ನಗು. ಹುಡುಗರು ಅವರಿಗೆ ಯಾಕ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಲಂಗ ಎತ್ತಿಕಟ್ಟಿಕೊಂಡು ಸೊಪ್ಪು ಹೊರುತ್ತಿದ್ದ ನನ್ನನ್ನು ಅವರು “ಬರ್ರಿ ಗಿರಿಜಮ್ಮ” ಎಂದು ಕರೆದಾಗ, ಯಾರೋ ದೊಡ್ಡವರು ಹಿಂದೆ ನಿಂತಿರಬೇಕು ಎಂದು ನಾನು ತಿರುಗಿ ನೋಡಿದ್ದೆ. ಊಟ ನಮ್ಮ ಮನೆಯಲ್ಲೇ. ಜೋಳದ ರೊಟ್ಟಿ ತಿಂದು ಬೆಳೆದವರು, ಮುದ್ದೆ ಕಂಡು ಮೊದಲ ದಿನ ಬೆವತುಹೋದರು. ಅಗಿದಷ್ಟೂ ಬಾಯಲ್ಲಿ ಬೆಳೆಯುತ್ತಿತ್ತು. ಅಗೀಬ್ಯಾಡ ಮೇಷ್ಟ್ರಪ್ಪ, ಸಾರಲ್ಲಿ ಅದ್ದಿ ನುಂಗು ಎಂದು ಅಜ್ಜಿ ಎದುರು ಕೂತು ಕಲಿಸಿದಳು. ಕೆಲವೇ ತಿಂಗಳಲ್ಲಿ ಅವರು ಎರಡು ಮುದ್ದೆ ನುಂಗುವಂತಾದಾಗ, ಅಜ್ಜಿ ಕೇರಿಯ ಹೆಂಗಸರಿಗೆಲ್ಲ ಅದನ್ನು ಹೇಳಿಕೊಂಡು ಬಂದಳು. ಅವರು ಉಣ್ಣಲು ಕೂತರೆ ಆಮೆ ಸಂದಿ ಬಿಟ್ಟು ಹೊರಗೆ ಬರುತ್ತಿತ್ತು. “ಏನ್ರಿ ತಾಯಿ, ಊಟ ಆತೇನ್ರಿ” ಎಂದು ಅವರು ಸೌತೆಕಾಯಿ ಹೋಳು ಅದರ ಬಾಯಿಗೆ ಹಿಡಿಯುತ್ತಿದ್ದರು. ನಾನು ಆ ಕಾಲದಲ್ಲಿ ಇಡೀ ಪ್ರಪಂಚದಲ್ಲಿ ಯಾರನ್ನಾದರೂ ದೇವರೆಂದು ತಿಳಿದಿದ್ದರೆ ಅದು ಅವರನ್ನೇ.

ಆ ವರ್ಷ ಶಾಲೆಗಳಿಗೆಲ್ಲ ಒಂದು ಆರ್ಡರು ಬಂತು. ತಮ್ಮ ತಮ್ಮ ಸುತ್ತಮುತ್ತ ಅಳಿದುಹೋಗುತ್ತಿರುವ ಪ್ರಾಣಿ ಪಕ್ಷಿಗಳನ್ನು ಮಕ್ಕಳಿಗೆ ಕಲಿಸಬೇಕು, ಚಾರ್ಟು ಬರೆಸಬೇಕು, ಫಾರೆಸ್ಟಿನವರು ಬಂದು ನೋಡಬಹುದು ಎಂದು. ಬೇರೆ ಮೇಷ್ಟ್ರುಗಳು ಗೊಣಗಿದರು. ನಮ್ಮ ಮೇಷ್ಟ್ರಿಗೆ ಹಬ್ಬ ಬಂದಂತಾಯಿತು. ಅವರ ಕಡೆಯ ಕಪ್ಪು ನೆಲದಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿ ಇತ್ತಂತೆ, ಜೋಳದ ಹೊಲದಲ್ಲಿ ತಲೆ ಎತ್ತಿ ನಡೆದರೆ ಮನುಷ್ಯನೇ ಬಂದಂತೆ ಕಾಣುತ್ತಿತ್ತಂತೆ. ಭೂತ ಎಂದದ್ದಕ್ಕೆ ಇಡೀ ಕ್ಲಾಸು ನಕ್ಕಿತು. ಅವರು ನಗಲಿಲ್ಲ.

“ನಮ್ಮಪ್ಪ ಅದನ್ನ ನೋಡ್ಯಾನ. ನಾ ನೋಡಿಲ್ಲ. ನೀವು ಚಿತ್ರದಾಗ ನೋಡಾಕತ್ತೀರಿ. ನಿಮ್ಮ ಮಕ್ಳು ಹೆಸರು ಸೈತ ಕೇಳಂಗಿಲ್ಲ.”

ತೋಳದ ಪಾಠದ ದಿನ ಕುರಿ ಮಂದೆಯ ಮನೆಗಳ ಹುಡುಗರು ಜಗಳಕ್ಕೇ ನಿಂತರು, ನಮ್ಮ ಕುರಿ ಎತ್ತಿಕೊಂಡು ಹೋದರೆ ನೀವು ಕೊಡ್ತೀರಾ ಸಾರ್ ಎಂದು. ಮೇಷ್ಟ್ರು ಆ ಜಗಳವನ್ನು ಖುಷಿಯಿಂದ ನಡೆಸಿದರು. ಆಮೇಲೆ ನಕ್ಷತ್ರ ಆಮೆಯ ಸರದಿ. ನಮ್ಮ ಗಡಿಯ ಈ ಕುರುಚಲು ಗುಡ್ಡಗಳಂಥ ಒಣ ಸೀಮೆಗಳಲ್ಲಿ ಮಾತ್ರ ಉಳಿದಿವೆ, ಚೀಲದಲ್ಲಿ ತುಂಬಿ ದೂರ ದೂರಕ್ಕೆ ಕದ್ದು ಸಾಗಿಸುತ್ತಾರೆ ಎಂದರು. ಹಿಡಿಯುವಂತಿಲ್ಲ, ಮಾರುವಂತಿಲ್ಲ, ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ, ಜೈಲಾಗುತ್ತದೆ ಎಂದರು. ಇದನ್ನೆಲ್ಲ ಹೇಳುವಾಗ ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು. ನಾನು ಬೆಂಚಿನ ಮೇಲಿನ ಮಸಿಯ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಮಂಜ ಎದ್ದ. ಅವನ ಮನೆ ನಮ್ಮ ಹಿತ್ತಲಿಗೆ ಅಂಟಿಕೊಂಡದ್ದು.

“ಸಾರ್, ಗಿರಿಜನ ಮನೇಲೈತೆ ಸಾರ್. ನೀವೂ ದಿನಾ ನೋಡ್ತೀರಲ್ಲ.”

ಕ್ಲಾಸಿನ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು.

“ನಾನು ಅದೇ ಮನ್ಯಾಗ ಇರೋದು. ನಾ ಅಂತೂ ನೋಡಿಲ್ಲ.”

ಸುಳ್ಳು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅವರು ಹಾಗೇ ಬರೆಯುತ್ತಾ ಹೋದರು, ಅಕ್ಷರ ಸೊಟ್ಟಗೆ ಕೆಳಗಿಳಿಯುತ್ತಿತ್ತು. ನಮ್ಮನ್ನು ಕಾಪಾಡಿದರಲ್ಲ ಎಂದು ನನಗೆ ಒಂದು ಕ್ಷಣ ಹಾಯೆನಿಸಿತು, ಮರುಕ್ಷಣವೇ ಮೈಯೆಲ್ಲ ಹಿಡಿಯಾಯಿತು. ಸುಳ್ಳು ಹೇಳಬಾರದು ಎಂದು ದಿನಾ ಹೇಳುವ ಮನುಷ್ಯ ನಮ್ಮ ಮನೆಯ ದೆಸೆಯಿಂದ, ನಮ್ಮ ಮುದ್ದೆಯ ದಾಕ್ಷಿಣ್ಯಕ್ಕೆ, ಎಲ್ಲರೆದುರು ಸುಳ್ಳು ಹೇಳಬೇಕಾಯಿತು. ಅರಿಶಿನ ಕುಂಕುಮ ಹಚ್ಚಿದ ಆ ಚಿಪ್ಪು, ಆ ತೂತು, ಅಜ್ಜಿಯ ನಂಬಿಕೆ, ಎಲ್ಲವೂ ಆವತ್ತು ಮೊದಲ ಸಲ ನನಗೆ ಅಸಹ್ಯವಾಗಿ ಕಂಡವು.

ಆ ಸಂಜೆ ಆಮೆ ಎಂದಿನಂತೆ ಹೊರಗೆ ಬಂದಾಗ ಮೇಷ್ಟ್ರು ಕಾಲು ಒಳಗೆಳೆದುಕೊಂಡರು. ಅಜ್ಜಿ ಏನಾಯಿತೆಂದು ಕೇಳಿದಳು. ಅವರು ತಟ್ಟೆ ನೋಡಿಕೊಂಡೇ ಎಲ್ಲ ಹೇಳಿದರು, ಕಾನೂನು, ಜೈಲು, ಅದು ಎಲ್ಲಿರಬೇಕೋ ಅಲ್ಲಿರಬೇಕು ಎನ್ನುವುದು. ಈ ಬಿಸಿಲಿಗೆ ಬಿಟ್ಟರೆ ಏನು ತಿಂದೀತು ಎಂದಳು ಅಜ್ಜಿ. ಒಂದು ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಗುಡ್ಡದ ಹಿಂದೆ ಬಿಟ್ಟುಬರೋಣ, ತಾನೂ ಬರುತ್ತೇನೆ ಎಂದು ಮೇಷ್ಟ್ರು ಹೇಳಿದರು. ಅಷ್ಟಕ್ಕೆ ಒಪ್ಪಿಗೆಯಾಯಿತು. ಮಳೆ ಮಾತ್ರ ಬರಲಿಲ್ಲ. ರಸ್ತೆಯಲ್ಲಿ ಜೀಪಿನ ಸದ್ದಾದರೂ ಮೇಷ್ಟ್ರು ಓದುತ್ತಿದ್ದ ಪೇಪರಿನಿಂದ ತಲೆ ಎತ್ತುವುದನ್ನು ನಾನು ನೋಡುತ್ತಿದ್ದೆ.

ಒಂದು ಭಾನುವಾರ ಜೀಪು ನಮ್ಮ ಬಾಗಿಲಲ್ಲೇ ನಿಂತಿತು. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು, ಮನೆ ಸದ್ದಿಲ್ಲದೆ ಇತ್ತು. ಅಪ್ಪ ಅಮ್ಮ ತೋಟದಲ್ಲಿ. ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು, ನಾನು ಬಾಗಿಲ ಒಳಗೆ ಸೊಪ್ಪಿನ ಮೇಲೆ ಮುಚ್ಚಲು ಗೋಣಿಚೀಲ ನೆನೆಸುತ್ತಿದ್ದೆ. ಖಾಕಿ ಅಂಗಿಯವನೊಬ್ಬ ಇಳಿದು ಬಂದ. ಫಾರೆಸ್ಟಿನವನು, ತೆಲುಗಿನವನು, ದನಿಯಲ್ಲಿ ಗಡುಸೇನೂ ಇರಲಿಲ್ಲ.

“ಸಾರ್, ಆಮೆ ಎಕ್ಕಡುಂದಿ?”

ಆಕೆ ಎಲ್ಲಿದ್ದಾರೆ ಸಾರ್. ಇಷ್ಟೇ ಅವನು ಕೇಳಿದ್ದು. ಮೇಷ್ಟ್ರಿಗೆ ತೆಲುಗು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಓದುತ್ತಿದ್ದದ್ದು ತೆಲುಗು ಪೇಪರು, ಶಾಲೆಯ ಕಾಗದಗಳನ್ನು ಮಂಡಲ ಆಫೀಸಿಗೆ ತೆಲುಗಿನಲ್ಲಿ ಬರೆದುಕೊಡುತ್ತಿದ್ದವರೂ ಅವರೇ. ಬೇರೆ ಯಾವ ದಿನವಾದರೂ ಅಮ್ಮ ತೋಟದಲ್ಲಿದ್ದಾಳೆಂದು ಕೈ ತೋರಿಸುತ್ತಿದ್ದರು. ಆದರೆ ಎದುರಿಗೆ ಖಾಕಿ ನಿಂತಿತ್ತು, ಕಿವಿಗೆ ಬಿದ್ದದ್ದು ಆ ಪದ. ಎಷ್ಟು ಭಾಷೆ ಬಂದರೂ ಹೆದರಿದವನ ಕಿವಿ ಕೇಳುವುದು ಹುಟ್ಟಿದ ಮನೆಯ ಭಾಷೆಯನ್ನೇ ಇರಬೇಕು. ಮೇಷ್ಟ್ರು ದಡಕ್ಕನೆ ಎದ್ದು ನಿಂತರು. ಪೇಪರು ಕೆಳಗೆ ಬಿತ್ತು.

“ಅದು ನಂದಲ್ಲ್ರಿ. ಮನಿಯವರ್ದು. ನಾ ಇಲ್ಲಿ ಬಾಡಿಗಿಗೆ ಇರಾವ. ಒಳಗ ವಾಡೆ ಸಂದ್ಯಾಗ ಐತಿ, ಬೇಕಾದ್ರ ನೋಡ್ಕೋರಿ.”

ಖಾಕಿಯವನಿಗೆ ಕನ್ನಡ ಅರ್ಥವಾಗುತ್ತಿತ್ತು. ಹೆಂಗಸೆಲ್ಲಿ ಎಂದರೆ ನನ್ನದಲ್ಲ, ವಾಡೆ ಸಂದಿಯಲ್ಲಿದೆ ಎನ್ನುತ್ತಾನಲ್ಲ ಎಂದು ಅವನು ಮೊದಲು ನಕ್ಕ. ಅಜ್ಜಿಯ ತಮಾಷೆಯೇ ಅದು, ಅಕ್ಷರ ಅಕ್ಷರ ಅದೇ, ಮೇಷ್ಟ್ರ ಬಾಯಲ್ಲಿ ನಡುಗುತ್ತಾ ಬಂದಿತ್ತು. ಮೇಷ್ಟ್ರ ಮುಖ ನೋಡಿ ಅವನ ನಗು ನಿಂತಿತು. ಚಪ್ಪಲಿ ಬಿಟ್ಟು ಒಳಗೆ ಬಂದ. ಬಗ್ಗಿ ಸಂದಿಯೊಳಗೆ ನೋಡಿದ. ಅಷ್ಟರಲ್ಲಿ ಅಡಿಗೆಮನೆಯಿಂದ ಬಂದ ಅಜ್ಜಿ, ನೆಲಕ್ಕೆ ಬಗ್ಗಿದ್ದ ಖಾಕಿ ಬೆನ್ನನ್ನು ನೋಡಿದಳು, ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಮೇಷ್ಟ್ರನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ತೆಲುಗಿನಲ್ಲಿ ಶುರುಮಾಡಿದಳು. ಇದು ನಿನ್ನೆ ಬದುವಿನ ಮೇಲೆ ಸಿಕ್ಕಿತು ನಾಯ್ನಾ, ನಮಗೇನು ಗೊತ್ತಾಗುತ್ತದೆ, ಈ ಮೇಷ್ಟ್ರೇ ಹೇಳಿದರು, ಇಟ್ಟುಕೊಳ್ಳಬಾರದು, ಫಾರೆಸ್ಟಿನವರಿಗೆ ಒಪ್ಪಿಸಬೇಕು ಎಂದು, ಅವರೇ ಸುದ್ದಿ ಕಳಿಸಿರಬೇಕು, ನೀನೂ ಬಂದೆ. ಆಮೆಯ ಚಿಪ್ಪಿನ ಮೇಲೆ ಶುಕ್ರವಾರದ ಕುಂಕುಮ ಹಾಗೇ ಇತ್ತು. ಅಂಚಿನ ತೂತು ಸವೆದು ನುಣುಪಾಗಿತ್ತು. ಖಾಕಿಯವನು ಎರಡನ್ನೂ ಕಂಡ, ಅಜ್ಜಿಯ ಮುಖವನ್ನೂ ಕಂಡ, ಸರಿ ಎಂದ. ಒಳ್ಳೆಯವನೇ. ಮಣ್ಣು ಹೊರುವ ಬಾಂಡ್ಲಿಯಲ್ಲಿ ಸೊಪ್ಪು ಹಾಸಿ ಆಮೆಯನ್ನು ಇಟ್ಟುಕೊಂಡ. ಹೋಗುವಾಗ ಮೇಷ್ಟ್ರ ಕೈ ಹಿಡಿದು ಕುಲುಕಿ, ನಿಮ್ಮಂಥವರು ಇರಬೇಕು ಸಾರ್ ಎಂದ. ಆಮೇಲೆ ತಾನು ಬಂದ ಕೆಲಸ ನೆನಪಾಗಿ ಅಜ್ಜಿಗೆ ಹೇಳಿದ, ನಿಮ್ಮ ಸೊಸೆ ಸಂತೆಯಲ್ಲಿ ನಮ್ಮ ಸಸಿ ನರ್ಸರಿಯ ಕೆಲಸ ಕೇಳಿದ್ದರು, ಸೋಮವಾರದಿಂದ ಬರಲಿ, ಅದನ್ನು ಹೇಳಲು ಆಮೆ ಎಲ್ಲಿ ಎಂದು ಕೇಳಿದೆ.

ಮೇಷ್ಟ್ರು ಅದನ್ನು ಕೇಳಿದರು. ಜೀಪು ಹೋದ ಮೇಲೆ ಜಗಲಿಯ ಮೇಲೆ ಕೂತರು, ಕತ್ತಲಾಗುವ ತನಕ ಏಳಲಿಲ್ಲ.

ಆವತ್ತಿನ ಜಗಳವೂ ಪಿಸುಮಾತಿನಲ್ಲೇ ನಡೆಯಿತು. ಒಂದು ಕಡೆ ಜ್ವರಕ್ಕೆ ಕೂತ ಹುಳು, ಇನ್ನೊಂದು ಕಡೆ ಗೋಡೆಯಾಚೆ ಮೇಷ್ಟ್ರು. ಉಂಡ ಮನೆಯನ್ನೇ ತೋರಿಸಿಕೊಟ್ಟವನಿಗೆ ಇನ್ನು ಇಲ್ಲಿ ಊಟವಿಲ್ಲ, ನಾಳೆಯೇ ಕೋಣೆ ಬಿಡಲಿ ಎಂದು ಅಪ್ಪ ಹಲ್ಲು ಕಚ್ಚಿಕೊಂಡು ಹೇಳಿದ. ಅಮ್ಮ ಅಳುತ್ತಿದ್ದಳು. ಆ ಖಾಕಿಯವನ ಮುಂದೆ ಯಾವ ಮುಖ ಹೊತ್ತು ಹೋಗಲಿ ಎಂದು ಅವಳು ನರ್ಸರಿಯ ಆಸೆಯನ್ನು ಅಲ್ಲೇ ಬಿಟ್ಟಳು, ಆಮೇಲೂ ಹೋಗಲಿಲ್ಲ. ಅಜ್ಜಿ ಖಾಲಿ ಸಂದಿಗೆ ಬೆನ್ನು ಕೊಟ್ಟು ಕೂತಿದ್ದಳು.

“ಎದ್ರುಕೊಂಡವ್ನೆ ಕಣ್ಲಾ. ಎದ್ರುಕೊಂಡಿರೋನ್ನ ತಟ್ಟೆ ಮುಂದಿಂದ ಎಬ್ಬುಸ್ತೀಯ?”

ಮೇಷ್ಟ್ರು ಊಟಕ್ಕೆ ಬಂದರು, ಅಜ್ಜಿ ಕರೆದಳು ಎಂದು. ಮುದ್ದೆ ಮುರಿದರು, ಸಾರಲ್ಲಿ ಅದ್ದಿದರು, ಬಾಯಿಗಿಟ್ಟು ಅಗಿಯತೊಡಗಿದರು. ಮೊದಲ ದಿನದ ಹಾಗೆ ಅಗಿದೂ ಅಗಿದೂ, ನೀರು ಕುಡಿದು, ಮಿಕ್ಕದ್ದನ್ನು ಬಿಟ್ಟು ಎದ್ದರು. ಮಾರನೆಯ ದಿನವೂ ಹಾಗೇ. ಅಜ್ಜಿ ಮುದ್ದೆಯನ್ನು ಮೆತ್ತಗೆ ಮಾಡಿ ನೋಡಿದಳು. ಮಡಕಶಿರಾದಿಂದ ಜೋಳದ ಹಿಟ್ಟು ತರಿಸಿ, ಬಾರದ ಕೈಯಲ್ಲಿ ರೊಟ್ಟಿ ತಟ್ಟಿದಳು. ಅದನ್ನೂ ಚೂರು ಮುರಿದು ಬಿಟ್ಟರು. ಕೋಣೆ ಬಿಡುತ್ತೇನೆ ಎನ್ನಲು ಅವರಿಗೂ ಬಾಯಿ ಬರಲಿಲ್ಲ, ಹೋಗಿ ಎನ್ನಲು ಅಪ್ಪನಿಗೂ. ಶಾಲೆಯಲ್ಲಿ ಇನ್ನೊಂದು ಫಜೀತಿ. ಫಾರೆಸ್ಟಿನವನು ಹೆಡ್‌ಮಾಸ್ಟರರಿಗೆ ಸುದ್ದಿ ಮುಟ್ಟಿಸಿದ್ದ. ಬೆಳಗಿನ ಪ್ರಾರ್ಥನೆಯ ನಂತರ ಅವರು ತಿಪ್ಪೇಸ್ವಾಮಿ ಮೇಷ್ಟ್ರನ್ನು ಮುಂದೆ ಕರೆದು, ಒಂದು ಜೀವ ಉಳಿಸಿದ ಗುರು ಎಂದು ಹೊಗಳಿ, ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಮೇಷ್ಟ್ರು ಕೈ ಕಟ್ಟಿಕೊಂಡು ತಮ್ಮ ಕಾಲ್ಬೆರಳು ನೋಡುತ್ತಾ ನಿಂತಿದ್ದರು. ಮಂಜ ನನ್ನನ್ನು ನೋಡಿಕೊಂಡೇ ಜೋರಾಗಿ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ. ಏನು ಮಾಡಲಿ, ಸಾಲಿನಲ್ಲಿ ನಿಂತಿದ್ದೆ.

ಮನೆಯಲ್ಲಿ ಆ ಪದ ನಿಂತುಹೋಯಿತು. ಯಾರೂ ಯಾರಿಗೂ ಹೇಳಲಿಲ್ಲ, ತಾನಾಗಿಯೇ ನಿಂತಿತು. ತೆಲುಗಿನವರು ಯಾರಾದರೂ ಬಂದು ಅಮ್ಮನನ್ನು ಕೇಳಿದರೆ ಅಜ್ಜಿ ಆಯಮ್ಮ ತೋಟಕ್ಕೆ ಹೋದಳು ಅನ್ನುತ್ತಿದ್ದಳು, ಆಮೆ ಎನ್ನುತ್ತಿರಲಿಲ್ಲ. ಮೇಷ್ಟ್ರು ಗೋಡೆಯಾಚೆ ಇರುತ್ತಾರಲ್ಲ, ಅವರ ಕಿವಿಗೆ ಬೀಳಬಾರದು. ತನ್ನ ಆಮೆ ಹೋಯಿತೆಂದು ಅವಳು ಒಂದು ದಿನ ಬಾಯಿ ಬಿಟ್ಟು ಹೇಳಲಿಲ್ಲ. ಮೇಷ್ಟ್ರು ಉಣ್ಣಲಿಲ್ಲ ಎಂದು ಮಾತ್ರ ದಿನಾ ಹೇಳಿದಳು, ಅವರಮ್ಮ ಕೇಳಿದರೆ ಏನು ಜವಾಬು ಕೊಡಲಿ ಎಂದು. ನನಗೆ ಅದನ್ನು ಕೇಳಿ ಮೈ ಉರಿಯುತ್ತಿತ್ತು. ಅವರಿಗೆ ಬಡಿಸುವ ಕೆಲಸ ನನ್ನದು. ಮುಖ ಬೇರೆ ಕಡೆ ಮಾಡಿಕೊಂಡು ಬಡಿಸುತ್ತಿದ್ದೆ. ನಮ್ಮ ಮನೆಯ ಬಗ್ಗೆ ಅವರ ಮುಂದೆ ನಾಚಿಕೆ, ಅವರ ಬಗ್ಗೆ ಕ್ಲಾಸಿನ ಮುಂದೆ ನಾಚಿಕೆ. ಯಾವ ಕಡೆ ನೋಡಲಿ ಎಂದೇ ತಿಳಿಯುತ್ತಿರಲಿಲ್ಲ.

ಚಾರ್ಟುಗಳು ತಯಾರಾದವು. ಗೋಡೆಗೆ ಅಂಟಿಸಿ, ಒಂದೊಂದೇ ಪ್ರಾಣಿಯನ್ನು ಕೋಲಿನಿಂದ ತೋರಿಸಿ ಮೇಷ್ಟ್ರು ನಮ್ಮಿಂದ ಹೇಳಿಸುತ್ತಿದ್ದರು. ಆಮೆಯ ಚಿತ್ರದ ಮೇಲೆ ಕೋಲು ನಿಂತಿತು. ಅಲ್ಲೇ ಇತ್ತು ಬಹಳ ಹೊತ್ತು. ಆಮೇಲೆ ಅವರು ಕೋಲನ್ನು ಮೇಜಿನ ಮೇಲಿಟ್ಟರು.

“ಇದನ್ನ ನಾ ನೋಡಿಲ್ಲ ಅಂದಿದ್ದೆ. ಸುಳ್ಳದು. ದಿನಾ ನೋಡ್ತಿದ್ದೆ, ಸೌತಿಕಾಯಿ ತಿನ್ನಸ್ತಿದ್ದೆ. ನಾ ಅದನ್ನ ಉಳಿಸಿಲ್ಲ. ನನ್ನ ತಲಿ ಉಳಿಸ್ಕಳಾಕ ಹಿಡದು ಕೊಟ್ಟೆ. ಆ ಚಪ್ಪಾಳಿ ನನಗಲ್ಲ.”

ಆಮೇಲೆ, ಅವತ್ತಿನ ಹಾಗೆಯೇ, ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಿಜ ಹೇಳಿ ಅವರು ಹಗುರಾದರು. ಅಜ್ಜಿ ಒಂದು ಸುಳ್ಳು ಹೇಳಿ ಮುಚ್ಚಿದ್ದ ನಮ್ಮ ಮನೆಯ ಬಾಗಿಲು ಮತ್ತೆ ಹಾರು ಹೊಡೆದುಕೊಂಡಿತು. ಒಂದು ಮಾತು ನನ್ನನ್ನು ಕೇಳಬಾರದಿತ್ತೇ? ಈ ಸಿಟ್ಟು ನನಗೆ ಈಗಲೂ ಪೂರ್ತಿ ಇಳಿದಿಲ್ಲ.

ಗಂಟೆ ಹೊಡೆದ ಕೂಡಲೇ ಮನೆಗೆ ಓಡಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕ್ಲಾಸಿನಲ್ಲಿ ನಮ್ಮ ಮರ್ಯಾದೆ ಹೇಗೆ ಹೋಯಿತು, ಮೇಷ್ಟ್ರು ಏನೇನು ಹೇಳಿದರು, ಎಲ್ಲವನ್ನೂ ಅಳುತ್ತಾ ಒದರಿದೆ. ಅಜ್ಜಿ ಇನ್ನೊಂದು ಸಲ ಹೇಳಿಸಿಕೊಂಡಳು, ಅವರ ಮಾತನ್ನು ಮಾತ್ರ. ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ ಎದ್ದಳು.

“ಅಂಗಂದ್ನಾ? ಇವತ್ತು ಉಣ್ತಾನೆ ಬುಡು. ಎಸರಿಗೆ ನೀರು ಜಾಸ್ತಿ ಇಕ್ಕು ಅಮ್ಮಣ್ಣಿ.”

ಸಂಜೆ ಮೇಷ್ಟ್ರು ಕರೆಯುವ ಮುಂಚೆಯೇ ಬಂದು ತಮ್ಮ ಜಾಗದಲ್ಲಿ ಕೂತರು. ಅಪ್ಪನೂ ಬಂದು ಪಕ್ಕದಲ್ಲಿ ಕೂತ. ಅಜ್ಜಿಯೇ ಬಡಿಸಿದಳು. ಅಮ್ಮ ಇನ್ನೂ ಸೊಪ್ಪು ಕೊಯ್ದು ಬಂದಿರಲಿಲ್ಲ. ಅಜ್ಜಿ ಸಾರು ಬಿಡುತ್ತಾ, ಎಲ್ಲರಿಗೂ ಕೇಳುವ ಹಾಗೆ, ನನ್ನನ್ನು ಕೇಳಿದಳು, “ಆಮೆ ಎಲ್ಲಮ್ಮಣ್ಣಿ?” ಎಂದು. ಅಷ್ಟು ದಿನದ ಮೇಲೆ ಆ ಪದ ನಡುಮನೆಯಲ್ಲಿ ಬಿತ್ತು. ಮೇಷ್ಟ್ರ ಕೈ ತಟ್ಟೆಯ ಮೇಲೆ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ಕೊನೆಗೆ ಮೇಷ್ಟ್ರೇ ಹೇಳಿದರು, ದನಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ.

“ವಾಡೆ ಸಂದ್ಯಾಗ ನೋಡ್ರಿ ಅಜ್ಜಿ.”

ಅಜ್ಜಿ ನಕ್ಕಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಮೇಷ್ಟ್ರು ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಅಗಿಯದೆ ನುಂಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನುಂಗುತ್ತಲೇ ಇದ್ದರು. ಎರಡನೆಯದನ್ನೂ ನುಂಗಿದರು. ನಾನು ನಗಲಿಲ್ಲ. ಎದ್ದು ಹೋಗಿ ಸಂದಿಯೊಳಗೆ ಬಗ್ಗಿ ನೋಡಿದೆ, ಇದ್ದರೂ ಇದ್ದೀತು ಅನ್ನುವ ಹಾಗೆ. ಒಣಗಿದ ಸೊಪ್ಪಿನ ತೊಟ್ಟುಗಳಿದ್ದವು, ಒಂದಿಷ್ಟು ಕುಂಕುಮ ನೆಲಕ್ಕೆ ಅಂಟಿಕೊಂಡಿತ್ತು.

ಈಗ ನಾನೇ ಆ ಪಾಠ ಮಾಡುತ್ತೇನೆ, ನಮ್ಮೂರಿನಿಂದ ಅಷ್ಟೇನೂ ದೂರವಲ್ಲದ ಶಾಲೆಯಲ್ಲಿ. ಗೋಡೆಯ ಮೇಲೆ ಚಾರ್ಟಿನ ಬದಲು ಟಿವಿ ಬಂದಿದೆ. ಯಾರ ಮನೆಯಲ್ಲಿ ಇದೆ ಎಂದು ನಾನು ಕೇಳುವುದಿಲ್ಲ, ಆದರೆ ಕೇಳದಿದ್ದರೂ ಚಿತ್ರ ಬಂದ ಕೂಡಲೇ ಯಾವುದೋ ಒಂದು ಬೆಂಚಿನ ಕಡೆ ತಲೆಗಳು ತಿರುಗಲು ಶುರುವಾಗುತ್ತವೆ. ಅಲ್ಲೊಂದು ಮಗು ಬೆಂಚು ಕೆರೆಯುತ್ತಾ ಕೂತಿರುತ್ತದೆ. ಅಷ್ಟರಲ್ಲಿ ನಾನು ಹೇಳಿಬಿಡುತ್ತೇನೆ, ನಮ್ಮ ಮನೇಲಿತ್ತು, ವಾಡೆ ಸಂದೀಲಿ, ಚಿಪ್ಪಿಗೆ ತೂತು ಮಾಡಿದ್ದೆವು ಎಂದು. ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಇಷ್ಟು ವಯಸ್ಸಾದರೂ ಕಿವಿ ಬಿಸಿಯಾಗುವುದು ತಪ್ಪಿಲ್ಲ.

ಕೆಲವು ಸಲ, ಪಾಠವಾದ ಒಂದೆರಡು ದಿನಕ್ಕೆ, ಬೆಳಿಗ್ಗೆ ನಮ್ಮ ಮನೆಯ ಗೇಟಿನ ಒಳಗೆ ಒಂದು ಬುಟ್ಟಿ ಬಂದು ಕೂತಿರುತ್ತದೆ, ಮೇಲೆ ಒದ್ದೆ ಗೋಣಿ ಮುಚ್ಚಿ. ಯಾರು ಇಟ್ಟರೆಂದು ನಾನು ವಿಚಾರಿಸುವುದಿಲ್ಲ. ಅರಿಶಿನವಿದ್ದರೆ ತೊಳೆದು, ಚೀಲದಲ್ಲಿಟ್ಟುಕೊಂಡು ಫಾರೆಸ್ಟ್ ಆಫೀಸಿಗೆ ಹೋಗುತ್ತೇನೆ, ದಾರಿಯಲ್ಲಿ ಸಿಕ್ಕಿತು ಅನ್ನುತ್ತೇನೆ. ಅಜ್ಜಿಯ ಸುಳ್ಳೇ, ಬದುವಿನ ಬದಲು ದಾರಿ ಅಷ್ಟೇ. ಅಲ್ಲಿಯ ಹುಡುಗರಿಗೆ ನಾನು ಪರಿಚಯವಾಗಿಬಿಟ್ಟಿದ್ದೇನೆ. ಹೋದ ಸಲ ನಾನು ಚೀಲ ಹಿಡಿದು ಗೇಟಿನಲ್ಲಿ ಕಾಲಿಡುತ್ತಿದ್ದಂತೆ, ಜೀಪು ಒರೆಸುತ್ತಿದ್ದ ಒಬ್ಬ ಒಳಗಿದ್ದವನಿಗೆ ಕೂಗಿ ಹೇಳಿದ.

“ಅನ್ನಾ, ಆಮೆ ಮಳ್ಳಾ ಒಚ್ಚಿಂದಿ.”

ಮತ್ತೆ ಬಂದದ್ದು ಆಕೆಯೋ, ಚೀಲದಲ್ಲಿದ್ದದ್ದೋ ಎಂದು ನಾನು ಕೇಳಲಿಲ್ಲ. ಚೀಲ ಅವನ ಕೈಗೆ ಕೊಟ್ಟು, ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.